ಮಾರ್ತನೊ ತರಂಗವಾದ್ಯ

ಭರತಮುನಿಯು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರವೆಂದು ನಾಲ್ಕು ಬಗೆಯಾಗಿ ವಿಂಗಡಿಸಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ತಂತಿ, ಚರ್ಮ, ಲೋಹ, ಗಾಳಿ ಇವುಗಳಲ್ಲಿ ಯಾವುದಾದರೊಂದು ನಡುಗಿದಲ್ಲದೆ ನಾದವು ಹುಟ್ಟದೆಂಬುದೇ ಈ ವಿಭಾಗದ ತಳಹದಿ. ಇಪ್ಪತ್ತನೆಯ ಶತಮಾನದ ಮೂರನೆಯ ದಶಕದಲ್ಲಿ ಯೂರೋಪಿನಲ್ಲಿ ಹುಟ್ಟಿದ ಕೆಲವು ವಾದ್ಯಗಳು ಈ ತಳಹದಿಯನ್ನೇ ಅಲುಗಿಸಿದುವು. ಅವುಗಳ ಗರ್ಭದಲ್ಲಿ ನಡುಗುವ ವಸ್ತುವಿಲ್ಲ. ವಿದ್ಯುತ್ತಿನ ಸ್ಪಂದನವೊಂದೇ ನಾದಕ್ಕೆ ಮೂಲ. ಇಂತಹ ವಾದ್ಯಗಳಲ್ಲಿ ಬಹುಪಾಲು ಪ್ರದರ್ಶನದ ಕೌತುಕಗಳಾಗಿ ಮರೆಯಾದುವು. ಗಂಭೀರವಾದ ಸಂಗೀತಸಾಹಿತ್ಯವನ್ನು ತನ್ನ ಸುತ್ತ ಬೆಳೆಯಿಸಿಕೊಂಡವು ಬಹಳ ವಿರಳ. ಅಂತಹ ವಿರಳವಾದವುಗಳಲ್ಲಿ ಫ್ರಾನ್ಸಿನ ‘ಓಂದ್ ಮಾರ್ತನೊ’ ಮುಖ್ಯವಾದುದು. ‘ಓಂದ್’ ಎಂದರೆ ಅಲೆಗಳು; ನಮ್ಮಲ್ಲಿ ಜಲತರಂಗವೆಂಬ ಹೆಸರು ಬಳಕೆಯಲ್ಲಿರುವುದರಿಂದ ಇದನ್ನು ‘ಮಾರ್ತನೊ ತರಂಗ’ವೆಂದು ಕರೆದರೆ ಅಸಂಗತವಾಗಲಾರದು.

ಇದನ್ನು ನಿರ್ಮಿಸಿದ ಮೋರಿಸ್ ಮಾರ್ತನೊ (೧೮೯೮–೧೯೮೦) ಚೆಲ್ಲೋ ವಾದಕನಾಗಿದ್ದವನು. ಮೊದಲನೆಯ ಮಹಾಯುದ್ಧದಲ್ಲಿ ನಿಸ್ತಂತು ವಾರ್ತೆಯ ಕೆಲಸದಲ್ಲಿದ್ದನು. ರೇಡಿಯೋ ವಾಲ್ವುಗಳು ಒಮ್ಮೊಮ್ಮೆ ಹೊರಡಿಸುತ್ತಿದ್ದ ಸಿಳ್ಳಿನಂತಹ ಧ್ವನಿಯ ಶುದ್ಧತೆ ಅವನ ಮನಸ್ಸನ್ನು ಸೆಳೆಯಿತು. ಇತರರಿಗೆ ಪೀಡೆಯಾಗಿದ್ದ ಆ ಸಿಳ್ಳೇ ಅವನ ವಾದ್ಯದ ಬೀಜವಾಯಿತು.

ಅದರ ತತ್ತ್ವವು ತಂಬೂರಿಯನ್ನು ಶ್ರುತಿ ಮಾಡಿದವರಿಗೆ ಸುಲಭವಾಗಿ ತಿಳಿಯತಕ್ಕದ್ದು. ಎರಡು ತಂತಿಗಳು ಒಂದೇ ಶ್ರುತಿಗೆ ಸಮೀಪವಾಗಿದ್ದು ಪೂರ್ತಿಯಾಗಿ ಕೂಡದಿರುವಾಗ ಅವುಗಳ ನಡುವೆ ಮೆಲ್ಲಗೆ ಏರಿಳಿಯುವ ಅಲೆಯೊಂದು ಕೇಳಿಬರುತ್ತದೆ. ಆ ಅಲೆಯ ವೇಗವು ಎರಡು ತಂತಿಗಳ ಸ್ಪಂದನಸಂಖ್ಯೆಗಳ ಅಂತರಕ್ಕೆ ಸಮ. ತರಂಗವಾದ್ಯದಲ್ಲಿ ತಂತಿಗಳ ಬದಲು ಕಿವಿಗೆ ಎಟುಕದಷ್ಟು ವೇಗವಾಗಿ ಸ್ಪಂದಿಸುವ ಎರಡು ವಿದ್ಯುನ್ಮಂಡಲಗಳುಂಟು. ಒಂದು ಸೆಕೆಂಡಿಗೆ ೮೦,೦೦೦ ಸಲವೂ ಇನ್ನೊಂದು ೮೦,೪೪೦ ಸಲವೂ ಸ್ಪಂದಿಸುವುವೆಂದು ಇಟ್ಟುಕೊಂಡರೆ, ಎರಡನ್ನೂ ಬೆರೆಸಿ ಶೋಧಿಸಿದಾಗ ಉಳಿಯುವ ಅಂತರವು ೪೪೦. ಇದು ಶ್ರವ್ಯವಾದ ಸ್ವರ. ಮೊದಲನೆಯದನ್ನು ಸ್ಥಿರವಾಗಿಟ್ಟು ಎರಡನೆಯದನ್ನು ಕೈಯಿಂದ ಹೆಚ್ಚುಕಡಮೆ ಮಾಡಿದರೆ ಸ್ವರವು ಎಲ್ಲಿಯೂ ಮುರಿಯದೆ ಏರುತ್ತ ಇಳಿಯುತ್ತ ಹೋಗುವುದು. ರಷ್ಯಾದ ತೆರೆಮಿನ್ ಎಂಬಾತನು ಇದೇ ತತ್ತ್ವದಿಂದ ಮುಟ್ಟದೆಯೇ ನುಡಿಸುವ ವಾದ್ಯವೊಂದನ್ನು ಮೊದಲೇ ರಚಿಸಿದ್ದನು. ಆದರೆ ಗಾಳಿಯಲ್ಲಿ ಕೈಯಾಡಿಸಿ ಸ್ವರಸ್ಥಾನವನ್ನು ಹಿಡಿಯುವುದು ಎಷ್ಟು ಕಷ್ಟವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಮಾರ್ತನೊ ಕೈಗೆ ಒಂದು ಆಧಾರವನ್ನು ಒದಗಿಸಿಕೊಟ್ಟನು.

೧೯೨೮ರಲ್ಲಿ ಪ್ಯಾರಿಸಿನ ಒಪೆರಾ ಮಂದಿರದಲ್ಲಿ ಈ ವಾದ್ಯವು ಮೊದಲು ಸಭೆಯ ಮುಂದೆ ಬಂದಾಗ ವಾದಕನು ಪೆಟ್ಟಿಗೆಯಿಂದ ದೂರ ನಿಂತು ಉಂಗುರ ಕಟ್ಟಿದ ದಾರವೊಂದನ್ನು ಎಳೆಯುತ್ತ ನುಡಿಸಬೇಕಾಗಿತ್ತು. ಮುಂದೆ ಇದು ಮರದ ಪೀಠವುಳ್ಳ, ಕುಳಿತು ನುಡಿಸುವ ವಾದ್ಯವಾಯಿತು. ಬಲಗೈಯ ತೋರುಬೆರಳಿಗೆ ಲೋಹದ ಉಂಗುರ. ಅದಕ್ಕೆ ಸೇರಿದ ಪಟ್ಟಿ ಮನೆಗಳ ಮುಂದೆ ಉದ್ದಕ್ಕೂ ಸರಿದಾಡುತ್ತದೆ. ಬೆರಳಿಗೆ ಜಾಗ ಸಿಗಲೆಂದು ಪಟ್ಟಿಯ ಕೆಳಗೆ ತಗ್ಗುಗಳನ್ನೂ ಉಬ್ಬುಗಳನ್ನೂ ಮಾಡಿರುತ್ತಾರೆ. ಉಂಗುರವನ್ನು ಬಿಟ್ಟು ಮನೆಗಳನ್ನೊತ್ತಿಯೂ ನುಡಿಸಬಹುದು. ಆ ಮನೆಗಳೂ ಪಿಯಾನೋವಿನವುಗಳಂತೆ ಜಡವಲ್ಲ. ಒತ್ತಿದ ಬೆರಳನ್ನು ಪಕ್ಕಕ್ಕೆ ಅಲುಗಿಸಿದರೆ ಮನೆಯೂ ಅಲುಗಿ ಸ್ವರವು ಕಂಪಿಸುತ್ತದೆ.

ಆದರೆ ಇದರ ಪ್ರಾಣವಿರುವುದು ಎಡಗೈಯಲ್ಲಿ. ಎಡಗಡೆ ಹೊರಕ್ಕೆಳೆಯುವ ಚಿಕ್ಕ ಸೆಳೆಖಾನೆಯಲ್ಲಿ ನಾದದ ಬಣ್ಣವನ್ನು ಬದಲಿಸುವ ಗುಂಡಿಗಳೊಡನೆ ಒಂದು ಒತ್ತುಮಣೆಯುಂಟು. ಅದರ ಕೆಳಗಿರುವುದು ಪುಡಿ ತುಂಬಿದ ಪುಟ್ಟ ತೊಗಲಿನ ಚೀಲ. ಪುಡಿಯಲ್ಲಿ ವಿದ್ಯುತ್ತನ್ನು ಒಯ್ಯುವ ಇಂಗಾಲವೂ ಒಯ್ಯದ ಅಭ್ರಕವೂ ಬೆರೆತಿರುತ್ತವೆ. ಒತ್ತಿದಷ್ಟೂ ಕಣಗಳು ಒಂದಕ್ಕೊಂದು ತಗುಲಿ ವಿದ್ಯುತ್ತಿಗೆ ದಾರಿಯಾಗುತ್ತದೆ, ನಾದವು ಬಲಿಯುತ್ತದೆ. ಒತ್ತದಿದ್ದರೆ ಬಲಗೈ ಏನು ಮಾಡಿದರೂ ಮೌನ. ಚೆಲ್ಲೋವಿನಲ್ಲಿ ಕಮಾನು ಹಿಡಿದ ಕೈಯ ಕೆಲಸವೇ ಇದು. ಕೈಗಳು ಮಾತ್ರ ಅದಲುಬದಲಾಗಿವೆ. ಯಂತ್ರದಲ್ಲಿ ಭಾವವೆಲ್ಲಿಯದು ಎಂದು ಕೇಳುವವರಿಗೆ ಈ ತೊಗಲಿನ ಚೀಲವೇ ಉತ್ತರ.

ನಾದವು ಹೊರಹೊಮ್ಮುವ ಪೆಟ್ಟಿಗೆಗಳು ಇನ್ನೂ ವಿಚಿತ್ರವಾಗಿವೆ. ಸಾಮಾನ್ಯವಾದ ಧ್ವನಿವರ್ಧಕವೊಂದಿದ್ದರೂ ಮಾರ್ತನೊ ಅದರಿಂದ ತೃಪ್ತನಾಗಲಿಲ್ಲ. ಒಂದರಲ್ಲಿ ಕಾಗದದ ಶಂಕುವಿನ ಬದಲು ಜಾಗಟೆಯನ್ನೇ ನಡುಗಿಸಿದನು. ‘ಪಾಮ್’ ಎಂದು ಹೆಸರಾದ ಇನ್ನೊಂದರಲ್ಲಿ, ದೀಪದ ಕುಡಿಯನ್ನು ಹೋಲುವ ಮರದ ಒಡಲಿನ ಮೇಲೆ ಹಿಂದೆ ಮುಂದೆ ಹನ್ನೆರಡರಂತೆ ೨೪ ತಂತಿಗಳನ್ನು ಬಿಗಿದನು. ವಿದ್ಯುತ್ತಿನಿಂದ ಬಂದ ಸ್ವರಕ್ಕೆ ಆಯಾ ತಂತಿಗಳು ತಾವಾಗಿ ಮಿಡಿದು ಅನುರಣಿಸುತ್ತವೆ. ಭರತನ ವಿಭಾಗದಿಂದ ಮುಂಬಾಗಿಲಲ್ಲಿ ಹೊರಬಿದ್ದ ವಾದ್ಯವು ಹಿತ್ತಿಲ ಬಾಗಿಲಿನಿಂದ ತತವೂ ಘನವೂ ಆಗಿ ಮರಳಿ ಒಳಹೊಕ್ಕಿರುವುದು ಇಲ್ಲಿ ಗಮನಾರ್ಹ. ಇದಕ್ಕಾಗಿ ಐದನೆಯ ವರ್ಗವೊಂದನ್ನು ಕಲ್ಪಿಸಿ ಕೈತೊಳೆದುಕೊಳ್ಳುವ ಲಕ್ಷಣಕಾರರು ಅವಸರಪಟ್ಟಿರುವರೆಂದೇ ಹೇಳಬೇಕು.

ಭಾರತೀಯ ಸಂಗೀತಕ್ಕೂ ಈ ವಾದ್ಯಕ್ಕೂ ಸಂಬಂಧವು ಎರಡು ಕಡೆ ಉಂಟಾಗಿದೆ. ರವೀಂದ್ರನಾಥ ಠಾಕೂರರೂ ಅಲೇನ್ ದಾನಿಯೆಲೂನೂ ಬಯಸಿದಂತೆ ೧೯೩೦ರ ದಶಕದಲ್ಲಿ ಮಾರ್ತನೊ ಸೂಕ್ಷ್ಮಶ್ರುತಿಗಳನ್ನು ನುಡಿಸಬಲ್ಲ ರೂಪವೊಂದನ್ನು ನಿರ್ಮಿಸಿದನು. ಹಾರ್ಮೋನಿಯಮ್ಮನ್ನು ಠಾಕೂರರು ಸಹಿಸುತ್ತಿರಲಿಲ್ಲ. ೧೯೪೦ರಲ್ಲಿ ಅಖಿಲಭಾರತ ರೇಡಿಯೋ ಆ ಪೆಟ್ಟಿಗೆಯನ್ನು ತನ್ನ ಕಾರ್ಯಕ್ರಮಗಳಿಂದ ಬಹಿಷ್ಕರಿಸಿತು. ಗಾಳಿಯ ಪೆಟ್ಟಿಗೆಯನ್ನು ಒಲ್ಲದ ಕವಿಯು ವಿದ್ಯುತ್ತಿನ ಪೆಟ್ಟಿಗೆಯ ಕಡೆಗೆ ಒಲಿದುದು ವಿರೋಧಾಭಾಸದಂತೆ ತೋರಬಹುದು. ಆದರೆ ಗಮಕವನ್ನು ಒಂದು ಕೊಡಲಾರದು, ಇನ್ನೊಂದು ಕೊಡಬಲ್ಲುದು. ಉಂಗುರದ ಜಾರಿಕೆಯು ಗೋಟುವಾದ್ಯದ ಜಾರಿಕೆಗೆ ನೆಂಟನೇ ಸರಿ.

ಎರಡನೆಯದು ಒಲಿವಿಯೇ ಮೆಸ್ಸಿಯಾನನ ‘ತುರಂಗಲೀಲಾ’ ಸಿಂಫೋನಿ. ಈ ಹೆಸರು ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಪಟ್ಟಿಮಾಡಿದ ೧೨೦ ದೇಶೀತಾಳಗಳಲ್ಲಿ ಒಂದರದು. ೧೯೪೬ರಿಂದ ೧೯೪೮ರವರೆಗೆ ರಚಿತವಾದ ಈ ಕೃತಿಯು ೧೯೪೯ರ ಡಿಸೆಂಬರ್ ೨ರಂದು ಬಾಸ್ಟನ್ ನಗರದಲ್ಲಿ ಲೆನರ್ಡ್ ಬರ್ನ್‌ಸ್ಟೈನನ ನಿರ್ದೇಶನದಲ್ಲಿ ಮೊದಲು ಕೇಳಿಬಂದಿತು. ತರಂಗವಾದ್ಯವನ್ನು ನುಡಿಸಿದವಳು ಮಾರ್ತನೊವಿನ ತಂಗಿ ಜಿನೆತ್. ಇದಕ್ಕೆ ಮುಂಚೆ ೧೯೩೭ರ ಪ್ಯಾರಿಸ್ ವಸ್ತುಪ್ರದರ್ಶನಕ್ಕಾಗಿ ಮೆಸ್ಸಿಯಾನನು ಆರು ತರಂಗವಾದ್ಯಗಳಿಗೆಂದೇ ಒಂದು ಕೃತಿಯನ್ನು ಬರೆದಿದ್ದನು. ೧೯೮೩ರಲ್ಲಿ ರಂಗವನ್ನೇರಿದ ಸಂತ ಫ್ರಾನ್ಸಿಸನನ್ನು ಕುರಿತ ಅವನ ಒಪೆರಾದಲ್ಲಿ ಮೂರು ಬೇಕು.

ಇಷ್ಟು ಕೃತಿಗಳಿದ್ದೂ ವಾದ್ಯವೇ ಅಳಿದರೆ ಅವುಗಳ ಗತಿಯೇನು? ಇದು ಕಲ್ಪನೆಯ ಪ್ರಶ್ನೆಯಲ್ಲ. ಎದ್ಗಾರ್ ವರೇಸನು ‘ಎಕ್ವತೋರಿಯಾಲ್’ ಎಂಬ ಕೃತಿಯನ್ನು ತೆರೆಮಿನ್ ರಚಿಸಿದ ಎರಡು ವಾದ್ಯಗಳಿಗಾಗಿ ಬರೆದು, ಅವು ದೊರೆಯದಂತಾಗಲು, ಪ್ರಕಟಣೆಯ ಕಾಲಕ್ಕೆ ಆ ಜಾಗದಲ್ಲಿ ಮಾರ್ತನೊ ತರಂಗವನ್ನು ಇರಿಸಬೇಕಾಯಿತು. ಹೀಗೆ ಬದಲಿಯಾಗಿ ಬಂದ ವಾದ್ಯಕ್ಕೂ ಅದೇ ದಶೆ ಒದಗಿತು. ಇವು ಕಾರ್ಖಾನೆಯ ಅಚ್ಚಿನಲ್ಲಿ ಎರಕ ಹೊಯ್ದವಲ್ಲ, ಕೈಗೆಲಸದವು. ೧೯೭೦ರ ದಶಕದಲ್ಲಿ ವಾಲ್ವುಗಳ ಜಾಗಕ್ಕೆ ಟ್ರಾನ್ಸಿಸ್ಟರುಗಳು ಬಂದುವು. ೧೯೮೮ರಲ್ಲಿ ನಿರ್ಮಾಣವೇ ನಿಂತಿತು. ಕೈಬರಹದ ಪ್ರತಿಗಳ ಹಾಗೆ ಒಂದೊಂದೂ ತನ್ನದೇ ಆದ ಗುಣದೋಷಗಳನ್ನುಳ್ಳದ್ದು. ಆದ್ದರಿಂದ ಪಾಠ ಶುದ್ಧವಾಗಿದ್ದರೂ ಓದುವ ನಾಲಗೆ ಇಲ್ಲದಂತಹ ಸ್ಥಿತಿ ಇದು. ಪುಡಿಯ ಪಾಕವೂ ಚೀಲದ ಬಿಗಿತವೂ ನಕ್ಷೆಯಲ್ಲಿ ಬರೆದಿಡತಕ್ಕ ವಿಷಯಗಳಲ್ಲ, ಬೆರಳಿನಿಂದ ಬೆರಳಿಗೆ ಬರತಕ್ಕವು.

ಶತಮಾನದ ಕೊನೆಯಲ್ಲಿ ‘ಓಂದೇಯಾ’ ಎಂಬ ಅನುಕೃತಿಯೊಂದರ ಕೆಲಸ ಆರಂಭವಾಯಿತು. ಇಂಗ್ಲೆಂಡಿನ ರೇಡಿಯೋಹೆಡ್ ಮೇಳದ ಜಾನಿ ಗ್ರೀನ್‌ವುಡ್ ೨೦೦೦ದಲ್ಲಿ ಹೊರಬಂದ ಧ್ವನಿಮುದ್ರಿಕೆಯಲ್ಲಿ ಈ ನಾದವನ್ನು ಬಳಸಿದ ಮೇಲೆ, ಹೆಸರನ್ನೇ ಕೇಳದಿದ್ದ ತರುಣರಲ್ಲಿಯೂ ಆಸೆ ಚಿಗುರಿತು. ಅನಂತರ ಪ್ಯಾರಿಸಿನ ಕುಶಲಕರ್ಮಿ ಜಾನ್-ಲೂ ದಿಯೆರ್‌ಸ್ಟೈನ್ ಹಳೆಯ ವಾದ್ಯಗಳನ್ನು ಮಾದರಿಯಾಗಿಟ್ಟುಕೊಂಡು ಹೊಸವನ್ನು ಕಟ್ಟತೊಡಗಿದನು. ಅವುಗಳಲ್ಲಿಯೂ ಎಡಗೈಯ ಸೆಳೆಖಾನೆಯಿದೆ, ಬಲಗೈಗೆ ಉಂಗುರವಿದೆ.