ಅಂಗಳದ ಹುಲ್ಲಿಗೆ ‘ಝೀರೋ ಬಗ್’ ಬೇಡ

ಅವತ್ತು ಭಾನುವಾರ ಸಂಜೆ. ಅವ್ವ ಅಡುಗೆಮನೆಯಲ್ಲಿ ಕೂತು ಸೊಪ್ಪು ಬಿಡಿಸ್ತಿದ್ದಳು. ಅಣ್ಣೆ, ಕನ್ನೆ, ಹೊನಗೊನ್ನೆ ಎಲ್ಲ ಸೇರಿದ ಬೆರಕೆ ಸೊಪ್ಪು. ರಾತ್ರಿಗೆ ಉಪ್ಸಾರು, ಮುದ್ದೆ.

“ಎಲ್ಲಿಂದ ತಂದ್ಯವ್ವಾ?” ಅಂದೆ.

“ಇನ್ನೆಲ್ಲಿಂದ್ಲಾ? ನಿನ್ನ ಹುಲ್ಲಿನ ಮೂಲೆಯಿಂದ್ಲೇ.”

ಎದೆ ಧಸಕ್ಕೆಂದಿತು. ಬೆಳಗ್ಗೆಯಷ್ಟೇ ಆ ಮೂಲೆಗೆ ಕಳೆನಾಶಕ ಹೊಡೆದಿದ್ದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಸೊಪ್ಪನ್ನೆಲ್ಲ ಗುಂಡಿ ತೋಡಿ ಮುಚ್ಚಿದೆ. ಅವ್ವ ಬೈಯಲಿಲ್ಲ. ಆದರೆ ಆ ಮಳೆಗಾಲ ಪೂರ್ತಿ ಅಂಗಳದ ಒಂದು ಎಲೆಯನ್ನೂ ಮುಟ್ಟಲಿಲ್ಲ. ಅಪ್ಪ ಕುರಿಮರಿಗಳನ್ನು ಹಿತ್ತಿಲಲ್ಲೇ ಕಟ್ಟಿಹಾಕಿದ್ರು.

ನಮ್ಮೂರು ಮಳವಳ್ಳಿ ತಾಲ್ಲೂಕಿನ ಬಂಡೂರು. ಹೆಸರು ಹೇಳಿದರೆ ಜನಕ್ಕೆ ಗಿಡ್ಡ ಕಾಲಿನ, ದುಂಡು ಮೈಯ ಬಂಡೂರು ಕುರಿ ನೆನಪಾಗುತ್ತೆ. 2020ರಲ್ಲಿ ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಬಂದವನು, ಮನೆ ಮುಂದೆ 20 ಅಡಿ ಉದ್ದ, 15 ಅಡಿ ಅಗಲದ ಜಾಗಕ್ಕೆ ನರ್ಸರಿಯಿಂದ ಮೆಕ್ಸಿಕನ್ ಗ್ರಾಸ್ ತಂದು ಹಾಸಿದೆ. ಅಪ್ಪ ನಕ್ಕರು. “ಹುಲ್ಲು ಕೀಳಕ್ಕೆ ನಾನು ಕೂಲಿ ಕೊಡ್ತೀನಿ. ನೀನು ಹುಲ್ಲಿಗೇ ಕಾಸು ಕೊಟ್ಯಲ್ಲಪ್ಪಾ!”

ಮೊದಲ ಮಳೆಗೇ ಗರಿಕೆ, ಕೊನ್ನಾರಿ, ಮುಟ್ಟಿದರೆ ಮುನಿ ಎಲ್ಲ ಹಾಜರ್. ಮೀಟಿಂಗ್ ಮಧ್ಯೆ ಕ್ಯಾಮೆರಾ ಆಫ್ ಮಾಡಿ ಕಳೆ ಕಿತ್ತಿದ್ದೂ ಉಂಟು. ಸಾಕಾಗಿ ಅಂಗಡಿಗೆ ಹೋಗಿ ಬಾಟಲಿ ತಂದೆ. ಮುಂದಿನ ಕಥೆ ಮೇಲೆ ಹೇಳಿದ್ದೇ.

ಕಳೆ ಅನ್ನೋದು ಯಾರು?

ಆಮೇಲೆ ಓದಿದಾಗ ಗೊತ್ತಾಯ್ತು: ನರ್ಸರಿಯವರು ‘ಬರ್ಮುಡಾ ಗ್ರಾಸ್’ ಅಂತ ಮಾರುವುದು ನಮ್ಮ ಗರಿಕೆಯ ಜಾತಿಯನ್ನೇ. ಗಣೇಶನಿಗೆ ಏರಿಸೋದು, ಗದ್ದೆಯಲ್ಲಿ ಶಾಪ ಹಾಕಿ ಕೀಳೋದು, ಸಿಟಿಯಲ್ಲಿ ದುಡ್ಡು ಕೊಟ್ಟು ನೆಡೋದು ಎಲ್ಲ ಒಂದೇ ಹುಲ್ಲು. ಅವತ್ತಿಂದ ಗರಿಕೆ ಕೀಳೋದು ಬಿಟ್ಟೆ.

ಆಫೀಸಿನಲ್ಲಿ ನಾವು ಎಲ್ಲ ಬಗ್ ಸರಿ ಮಾಡಲ್ಲ. ಯಾವುದು ನಿಜವಾಗಿ ತೊಂದರೆ ಕೊಡುತ್ತೆ ನೋಡಿ, ಅದನ್ನಷ್ಟೇ ಮೊದಲು ಹಿಡೀತೀವಿ. ಅಂಗಳಕ್ಕೂ ಅದನ್ನೇ ಮಾಡಿದೆ.

ಮೊದಲ ಸಾಲಿನಲ್ಲಿ ಪಾರ್ಥೇನಿಯಂ, ನಮ್ಮ ಕಡೆಯ ಕಾಂಗ್ರೆಸ್ ಗಿಡ. ಇದಕ್ಕೆ ಮಾಫಿಯಿಲ್ಲ. ಚರ್ಮಕ್ಕೂ ಉಸಿರಿಗೂ ಅಲರ್ಜಿ ತರುತ್ತೆ, ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತೆ. ಹೂ ಬಿಡೋ ಮೊದಲೇ, ಕೈಗೆ ಗ್ಲೌಸ್ ಹಾಕಿ, ಬೇರು ಸಮೇತ ಕೀಳಿ. ಎರಡನೆಯದು ಕೊನ್ನಾರಿ. ಮೇಲೆ ಎಳೆದರೆ ಗೆಡ್ಡೆ ನೆಲದಲ್ಲೇ ಉಳಿದು ಮತ್ತೆ ಚಿಗುರುತ್ತೆ. ಮಳೆ ಬಂದು ಮಣ್ಣು ಮೆತ್ತಗಾದಾಗ ಗೆಡ್ಡೆ ಸಮೇತ ಅಗೆದು ತೆಗೀಬೇಕು. ಮುಟ್ಟಿದರೆ ಮುನಿಯ ಮುಳ್ಳು ಬರಿಗಾಲಿಗೆ ಚುಚ್ಚುತ್ತೆ, ಅದೂ ಔಟ್. ಉಳಿದ ತುಂಬೆ, ನೆಲನೆಲ್ಲಿ, ಸೊಪ್ಪುಗಳಿಗೆ ಒಂದು ಮೂಲೆ ಬಿಟ್ಟುಕೊಟ್ಟೆ.

ಹುಲ್ಲನ್ನು ನುಣ್ಣಗೆ ಬೋಳಿಸುವುದನ್ನೂ ನಿಲ್ಲಿಸಿದೆ. ಎರಡು ಇಂಚು ಎತ್ತರ ಬಿಟ್ಟರೆ ಅದರ ನೆರಳಿಗೆ ಕಳೆ ಬೀಜ ಮೊಳೆಯೋದು ಕಡಿಮೆ. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ.

ಹುಳುವಿಗೂ ಕೆಲಸ ಇದೆ

ಒಂದು ದಿನ ಬೇಲಿ ಪಕ್ಕದ ಕಾಂಗ್ರೆಸ್ ಗಿಡದ ಮೇಲೆ ಕೆನೆ ಬಣ್ಣದ, ಕಂದು ಗೆರೆಗಳ ಪುಟ್ಟ ಜೀರುಂಡೆಗಳು ಕಂಡವು. ಅದಕ್ಕೂ ಸ್ಪ್ರೇ ಹೊಡೆಯೋಕೆ ಹೊರಟಿದ್ದೆ. ಫೋಟೊ ತೆಗೆದು ಹುಡುಕಿದರೆ, ಅದು ಜೈಗೋಗ್ರಾಮಾ! ಕಾಂಗ್ರೆಸ್ ಗಿಡ ತಿನ್ನಲಿ ಅಂತಲೇ ವಿಜ್ಞಾನಿಗಳು ಮೆಕ್ಸಿಕೋದಿಂದ ತರಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಹುಳು. ಬೇಸಿಗೆಯಲ್ಲಿ ಮಣ್ಣೊಳಗೆ ಮಲಗಿ, ಮಳೆಗೆ ಎದ್ದು ಬಂದು ಎಲೆ ತಿನ್ನುತ್ತೆ. ನಾನು ಬೆನ್ನು ಬಗ್ಗಿಸಿ ಮಾಡೋ ಕೆಲಸವನ್ನೇ ಅದು ಪುಕ್ಕಟೆ ಮಾಡ್ತಿತ್ತು.

ನಿಜವಾದ ಕಾಟ ಗೊಣ್ಣೆಹುಳುವಿನದ್ದು. ಕಬ್ಬಿನ ಗದ್ದೆಯವರಿಗೆ ಇದರ ಪರಿಚಯ ಚೆನ್ನಾಗಿದೆ. ಬೆಳ್ಳಗೆ, ಇಂಗ್ಲಿಷಿನ ಸಿ ಅಕ್ಷರದ ಹಾಗೆ ಮುದುರಿಕೊಂಡು ಬೇರು ತಿನ್ನುತ್ತೆ. ಹುಲ್ಲು ಹಳದಿಯಾಗಿ, ಎಳೆದರೆ ಚಾಪೆ ಥರ ಎದ್ದು ಬಂದರೆ ಅನುಮಾನ ಪಡಿ. ಒಂದು ಚದರಡಿ ಅಗೆದು ಎಣಿಸಿ. ಒಂದೆರಡಿದ್ದರೆ ಬಿಟ್ಟುಬಿಡಿ. ನಮ್ಮಲ್ಲಿ ಅಗೆದು ಬಿಟ್ಟ ಮಣ್ಣಿಗೆ ಬೆಳ್ಳಕ್ಕಿ, ಗೊರವಂಕ ಬಂದು ಹೆಕ್ಕಿ ತಿಂದವು. ತುಂಬಾ ಇದ್ದರೆ ಮೆಟಾರೈಜಿಯಂ ಅನ್ನೋ ಶಿಲೀಂಧ್ರವನ್ನು ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ಹಾಕುವ ಪದ್ಧತಿ ಇದೆ. ಮಂಡ್ಯ ಕಡೆಯವರಾದರೆ ವಿ.ಸಿ. ಫಾರಂನಲ್ಲಿ ಒಂದು ಮಾತು ಕೇಳಿ.

ಇರುವೆ, ಎರೆಹುಳು, ಮಿಡತೆ ತಮ್ಮ ಪಾಡಿಗೆ ತಾವಿವೆ. ಹುಲ್ಲು ಫೋಟೊದಲ್ಲಿರೋ ಥರ ನುಣುಪಾಗಿಲ್ಲ, ಅಲ್ಲಲ್ಲಿ ತೇಪೆ ಹಾಕಿದ ಹಾಗಿದೆ. ಬಾಟಲಿ ಮತ್ತೆ ಮನೆಗೆ ಬಂದಿಲ್ಲ. ಮುಂದೆಂದಾದರೂ ತರಲೇಬೇಕಾದರೆ ಮನೆಯವರಿಗೆಲ್ಲ ಹೇಳಿಯೇ ತರೋದು ಅಂತ ಮಾತು ಕೊಟ್ಟಿದ್ದೀನಿ.

ಮಾರನೇ ವರ್ಷ ಮಳೆ ಹಿಡಿದ ಮೇಲೆ ಒಂದು ಸಂಜೆ ಅವ್ವ ಅಂಗಳಕ್ಕಿಳಿದಳು. ಮೂಲೆಯಲ್ಲಿ ನಿಂತು ನನ್ನ ಕಡೆ ನೋಡಿದಳು.

“ಏನೂ ಹೊಡ್ದಿಲ್ಲ ತಾನೇ?”

“ಇಲ್ಲ ಕಣವ್ವಾ.”

ಸೆರಗು ಸಿಕ್ಕಿಸಿಕೊಂಡು ಸೊಪ್ಪು ಕೀಳೋಕೆ ಬಗ್ಗಿದಳು.