ನಡೆಯದ ಇಲಿಗೆ ಮರಳಿ ಬಂದದ್ದು

ಬೆನ್ನುಹುರಿಯ ಸಂಶೋಧನೆ ನಡೆಯುವ ಪ್ರಯೋಗಾಲಯಗಳಲ್ಲಿ ಬೆಳಗಿನ ಮೊದಲ ಕೆಲಸ ಇಲಿಗಳ ಮೂತ್ರ ತೆಗೆಯುವುದು. ಬೆನ್ನುಹುರಿ ತುಂಡಾದ ಇಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳು ತೋರುಬೆರಳುಗಳಿಂದ ಕಿಬ್ಬೊಟ್ಟೆಯನ್ನು ತಡವುತ್ತಾರೆ. ತುಂಬಿದ ಮೂತ್ರಕೋಶ ದ್ರಾಕ್ಷಿಯಂತೆ ಬೆರಳಿಗೆ ಸಿಗುತ್ತದೆ. ಹದವಾಗಿ ಒತ್ತಿದರೆ ಕೆಳಗೆ ಹಾಸಿದ ಕಾಗದದ ಮೇಲೆ ಮೂತ್ರ ಇಳಿಯುತ್ತದೆ, ಜೋರಾಗಿ ಒತ್ತಿದರೆ ಒಳಗೆ ಗಾಯವಾಗುತ್ತದೆ. ಕದಡಿದೆಯೇ, ರಕ್ತ ಸೇರಿದೆಯೇ ಎಂದು ನೋಡಿ ಬರೆದಿಡಬೇಕು. ದಿನಕ್ಕೆ ಎರಡು ಮೂರು ಸಲ ಇದೇ ಕೆಲಸ, ಭಾನುವಾರವೂ ತಪ್ಪುವುದಿಲ್ಲ. ಹೆಚ್ಚಾಗಿ ಹೆಣ್ಣಿಲಿಗಳನ್ನೇ ಆರಿಸಿಕೊಳ್ಳಲು ಕಾರಣವೂ ಇದೇ: ಅವುಗಳ ಮೂತ್ರನಾಳ ಚಿಕ್ಕದು, ಒತ್ತಿ ತೆಗೆಯುವುದು ಸುಲಭ.

ಅಡಿಕೆ ಮರದಿಂದ ಬಿದ್ದೋ, ಬೈಕಿನಿಂದ ಎಸೆಯಲ್ಪಟ್ಟೋ ಬೆನ್ನುಹುರಿಗೆ ಪೆಟ್ಟಾದವರನ್ನು ನೋಡಲು ಹೋದವರೆಲ್ಲ ಕೇಳುವುದು ಒಂದೇ ಪ್ರಶ್ನೆ, ಮತ್ತೆ ನಡೆದಾಡುತ್ತಾರಾ? ಮಲಗಿದವರನ್ನೇ ಕೇಳಿದರೆ ಉತ್ತರ ಬೇರೆ ಇರಬಹುದು. 2004ರಲ್ಲಿ ಅಮೆರಿಕದ ಸಂಶೋಧಕಿ ಕಿಮ್ ಆಂಡರ್‌ಸನ್ ಪ್ರಕಟಿಸಿದ ಸಮೀಕ್ಷೆಯಲ್ಲಿ 681 ಮಂದಿ ತಮಗೆ ಮೊದಲು ಏನು ಮರಳಬೇಕೆಂದು ಹೇಳಿದ್ದರು. ಕುತ್ತಿಗೆಯ ಮಟ್ಟದಲ್ಲಿ ಪೆಟ್ಟಾದವರು ಕೈಗಳ ಬಳಕೆಯನ್ನು ಮುಂದಿಟ್ಟರೆ, ಅದಕ್ಕಿಂತ ಕೆಳಗೆ ಪೆಟ್ಟಾದವರು ಲೈಂಗಿಕ ಸಾಮರ್ಥ್ಯವನ್ನು ಮುಂದಿಟ್ಟರು. ಮಲಮೂತ್ರದ ಮೇಲಿನ ಹಿಡಿತ ಎರಡೂ ಗುಂಪಿಗೆ ಬಹಳ ಮುಖ್ಯವಾಗಿತ್ತು. ನಡಿಗೆ ಎರಡರಲ್ಲೂ ಮೊದಲ ಸ್ಥಾನಕ್ಕೆ ಬರಲಿಲ್ಲ. ಗಾಲಿಕುರ್ಚಿಯಲ್ಲಿ ಮದುವೆ ಮನೆಗೆ ಹೋಗಿ ಬರಬಹುದು. ಆದರೆ ಅಲ್ಲಿ ಬಟ್ಟೆ ಒದ್ದೆಯಾದೀತೆಂಬ ಅಂಜಿಕೆ ಹೊಸ್ತಿಲನ್ನೇ ದಾಟಗೊಡುವುದಿಲ್ಲ.

ಮೂತ್ರ ಮಾಡುವುದು ಅಂದುಕೊಂಡಷ್ಟು ಸರಳ ಕೆಲಸವಲ್ಲ. ಮೂತ್ರಕೋಶದ ಗೋಡೆ ಹಿಂಡಬೇಕು, ಅದೇ ಹೊತ್ತಿಗೆ ಮೂತ್ರನಾಳದ ಬಾಯನ್ನು ಬಿಗಿಹಿಡಿದ ಸ್ನಾಯು ಸಡಿಲಬೇಕು. ಈ ಹೊಂದಾಣಿಕೆ ಮಾಡಿಸುವ ಕೇಂದ್ರ ಇರುವುದು ಮೆದುಳಿನ ಬುಡದಲ್ಲಿ. 1920ರ ದಶಕದಲ್ಲಿ ಬ್ರಿಟಿಷ್ ವೈದ್ಯ ಫ್ರೆಡರಿಕ್ ಬ್ಯಾರಿಂಗ್ಟನ್ ಬೆಕ್ಕುಗಳಲ್ಲಿ ಅದನ್ನು ಗುರುತಿಸಿದರು. ಅಲ್ಲಿಂದ ಹೊರಟ ಆಜ್ಞೆ ಬೆನ್ನುಹುರಿಯುದ್ದಕ್ಕೂ ಇಳಿದು ಸೊಂಟದ ಕೆಳಭಾಗಕ್ಕೆ ತಲುಪಬೇಕು. ನಡುವೆ ಹುರಿ ತುಂಡಾದರೆ ಆಜ್ಞೆ ಅಲ್ಲೇ ನಿಲ್ಲುತ್ತದೆ.

ಎದೆಯ ಮಟ್ಟದಲ್ಲಿ ಹುರಿ ಪೂರ್ತಿ ತುಂಡಾದ ಇಲಿಯ ಮೂತ್ರಕೋಶ ಮೊದಮೊದಲು ಸುಮ್ಮನೆ ತುಂಬಿಕೊಳ್ಳುತ್ತ ಹೋಗುತ್ತದೆ. ಒಂದೆರಡು ವಾರ ಕಳೆದ ಮೇಲೆ ತಾನಾಗಿಯೇ ಹಿಂಡಲು ಶುರುಮಾಡುತ್ತದೆ. ಗುಣವಾಯಿತು ಎಂದುಕೊಳ್ಳುವಷ್ಟರಲ್ಲೇ ತೊಂದರೆ ಎದುರಾಗುತ್ತದೆ. ಕೋಶ ಹಿಂಡುವ ಹೊತ್ತಿಗೇ ಬಾಯಿಯ ಸ್ನಾಯುವೂ ಬಿಗಿಯುತ್ತದೆ. ವಾಲ್ವ್ ಮುಚ್ಚಿಟ್ಟು ಮೋಟರ್ ಹಾಕಿದರೆ ಪೈಪಿಗೆ ಏನಾಗುತ್ತದೆಂದು ತೋಟದವರಿಗೆ ಹೇಳಬೇಕಾಗಿಲ್ಲ. ಮೂತ್ರ ಒಂದಿಷ್ಟು ಹೊರಬಂದು ಉಳಿದದ್ದು ಒಳಗೇ ನಿಲ್ಲುತ್ತದೆ, ಸೋಂಕಿಗೆ ದಾರಿಯಾಗುತ್ತದೆ. ಅಡ್ಡಿಯ ಎದುರು ಹಿಂಡಿ ಹಿಂಡಿ ಗೋಡೆ ದಪ್ಪವಾಗಿ ಕೋಶದ ತೂಕ ಹಲವು ಪಟ್ಟು ಏರುತ್ತದೆ. ಮನುಷ್ಯರಲ್ಲೂ ಇದೇ ಬಗೆಯ ಒತ್ತಡ ಮೇಲಕ್ಕೇರಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ.

ಈ ತಾನಾಗಿ ಹಿಂಡುವ ಶಕ್ತಿ ಎಲ್ಲಿಂದ ಬಂತು? ಆಗತಾನೆ ಹುಟ್ಟಿದ ಇಲಿಮರಿಗೆ ತಾನಾಗಿ ಮೂತ್ರ ಮಾಡಲು ಬಾರದು. ತಾಯಿ ಅದರ ಹೊಟ್ಟೆಯಡಿಯನ್ನು ನೆಕ್ಕಿದಾಗ ಮಾತ್ರ ಮೂತ್ರ ಬರುತ್ತದೆ. ಮರಿ ಬೆಳೆದು ಮೆದುಳು ಅಧಿಕಾರ ವಹಿಸಿಕೊಂಡ ಮೇಲೆ ಈ ಹಳೆಯ ದಾರಿ ಮರೆಗೆ ಸರಿಯುತ್ತದೆ. ಬೆನ್ನುಹುರಿ ತುಂಡಾದ ಬೆಳೆದ ಬೆಕ್ಕುಗಳಲ್ಲಿ ಅದೇ ಶೈಶವದ ದಾರಿ ಮತ್ತೆ ತೆರೆದುಕೊಳ್ಳುವುದನ್ನು ಸಂಶೋಧಕರು ಕಂಡಿದ್ದಾರೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ವಿಲಿಯಂ ಡಿ ಗ್ರೋಟ್ ಮತ್ತು ಸಂಗಡಿಗರು ಇನ್ನೊಂದು ಸಂಗತಿ ತೋರಿಸಿದರು. ಸಾಮಾನ್ಯವಾಗಿ ನೋವು ಉರಿ ತಿಳಿಸುವ ತೆಳು ನರತಂತುಗಳೇ ಗಾಯದ ನಂತರ ಕೋಶ ತುಂಬಿದ ಸುದ್ದಿಯನ್ನೂ ಒಯ್ಯತೊಡಗುತ್ತವೆ. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಕೊಟ್ಟರೆ ಆ ತಂತುಗಳು ಸುಮ್ಮನಾಗುತ್ತವೆ. 1990ರ ದಶಕದಲ್ಲಿ ಲಂಡನ್ನಿನಲ್ಲಿ ಅದರ ದ್ರಾವಣವನ್ನು ರೋಗಿಗಳ ಮೂತ್ರಕೋಶಕ್ಕೂ ಬಿಟ್ಟು ನೋಡಿದರು. ಉರಿ ವಿಪರೀತವಾಗಿತ್ತು. ಮುಂದೆ ಆ ಜಾಗಕ್ಕೆ ಬೊಟ್ಯುಲಿನಮ್ ಟಾಕ್ಸಿನ್ ಇಂಜೆಕ್ಷನ್ ಬಂತು.

ಇಲಿಯಲ್ಲಿ ಕಂಡದ್ದನ್ನೆಲ್ಲ ಮನುಷ್ಯನಿಗೆ ಹೊಂದಿಸಲಾಗದು. ನಮ್ಮಲ್ಲಿ ಮೂತ್ರ ಮಾಡುವಾಗ ಮೂತ್ರನಾಳದ ಬಾಯಿಯ ಸ್ನಾಯು ಪೂರ್ತಿ ಸಡಿಲಾಗುತ್ತದೆ. ಇಲಿಯಲ್ಲಿ ಅದು ಸೆಕೆಂಡಿಗೆ ಹಲವು ಸಲ ಮಿಡಿಯುತ್ತ ಮೂತ್ರವನ್ನು ಚಿಮ್ಮಿಸುತ್ತದೆ. ಈ ಮಿಡಿತವೇ ಇಲ್ಲದಿದ್ದರೆ ಅದರ ಕೋಶ ಸರಿಯಾಗಿ ಖಾಲಿಯಾಗದು. ಈ ವ್ಯತ್ಯಾಸ ಮರೆತು ಬರೆದ ಸುದ್ದಿಗಳನ್ನು ಓದಿ ಆಸೆ ಕಟ್ಟಿಕೊಂಡವರು ನೋವುಣ್ಣಬೇಕಾಗುತ್ತದೆ.

ಹಾಗಿದ್ದೂ 2013ರ ಒಂದು ಪ್ರಯೋಗವನ್ನು ಹೇಳಲೇಬೇಕು. ಅಮೆರಿಕದ ಒಹಾಯೊ ರಾಜ್ಯದ ಯು-ಶಾಂಗ್ ಲೀ, ಜೆರ್ರಿ ಸಿಲ್ವರ್ ಮತ್ತು ಸಂಗಡಿಗರು ಹುರಿ ಪೂರ್ತಿ ತುಂಡಾದ ಇಲಿಗಳಿಗೆ ಅವುಗಳದೇ ಪಕ್ಕೆಲುಬಿನ ನಡುವಿನ ನರದ ತುಣುಕುಗಳನ್ನು ಸೇತುವೆಯಂತೆ ಕಸಿ ಮಾಡಿದರು. ಗಾಯದ ಕಲೆ ನರಕ್ಕೆ ಅಡ್ಡ ಬರದಂತೆ ಅದನ್ನು ಕರಗಿಸುವ ಕಿಣ್ವವನ್ನೂ, ಬೆಳವಣಿಗೆಗೆ ಒತ್ತಾಸೆ ಕೊಡುವ ಪ್ರೋಟೀನನ್ನೂ ಸೇರಿಸಿದರು. ಮತ್ತೆ ಕಾಯುವ ಕೆಲಸ, ಆರು ತಿಂಗಳು. ಮೆದುಳಿನ ಬುಡದಿಂದ ಹೊರಟ ಕೆಲವು ತಂತುಗಳು ಸೇತುವೆ ದಾಟಿ ಕೆಳಗೆ ಬಹುದೂರ ಬೆಳೆದಿದ್ದವು. ತೊಟ್ಟು ತೊಟ್ಟಾಗಿ ಪದೇಪದೇ ಹೋಗುತ್ತಿದ್ದ ಮೂತ್ರ ಈಗ ಕಡಿಮೆ ಸಲ, ಹೆಚ್ಚು ಪ್ರಮಾಣದಲ್ಲಿ ಹೋಗುತ್ತಿತ್ತು. ಇದು ಆ ತಂತುಗಳ ಫಲವೇ ಎಂದು ತಿಳಿಯಲು ಸಂಶೋಧಕರು ಹುರಿಯನ್ನು ಮತ್ತೊಮ್ಮೆ ತುಂಡರಿಸಿದರು. ಬಂದ ಹಿಡಿತ ಹೊರಟುಹೋಯಿತು.

ಈ ಚಿಕಿತ್ಸೆ ಇನ್ನೂ ಆಸ್ಪತ್ರೆಗಳ ದಿನಬಳಕೆಗೆ ಬಂದಿಲ್ಲ. ರೋಗಿಗಳ ಆಸರೆ ಇಂದಿಗೂ ಹೆಚ್ಚಾಗಿ 1972ರಲ್ಲಿ ಮಿಶಿಗನ್‌ನ ವೈದ್ಯ ಜಾಕ್ ಲ್ಯಾಪಿಡೀಸ್ ಬಳಕೆಗೆ ತಂದ ಕ್ರಮವೇ: ನಾಲ್ಕಾರು ಗಂಟೆಗೊಮ್ಮೆ ಕೈ ತೊಳೆದುಕೊಂಡು, ತೆಳುವಾದ ಪೈಪನ್ನು ತಾವೇ ತೂರಿಸಿ ಮೂತ್ರ ತೆಗೆಯುವುದು. ಒಹಾಯೊದ ಆ ಇಲಿಗಳಿಗೂ ನಡಿಗೆ ಮರಳಲಿಲ್ಲ. ಹಿಂಗಾಲುಗಳನ್ನು ಎಳೆದುಕೊಂಡೇ ಓಡಾಡುತ್ತಿದ್ದ ಅವು, ಮೂತ್ರ ತುಂಬಿಟ್ಟುಕೊಂಡು ಹೊತ್ತು ಬಂದಾಗ ಬಿಡುವುದನ್ನು ಮಾತ್ರ ಬಹುಮಟ್ಟಿಗೆ ಮತ್ತೆ ಕಲಿತಿದ್ದವು.