ತೂಕಡಿಸುವ ಕೋಳಿಗೆ ಚಾಕು ಹಿಡಿಯುವ ಮುನ್ನ

ಬೇಸಿಗೆ ಶುರುವಾಯಿತೆಂದರೆ ಮುಡುಕುತೊರೆಯ ನನ್ನ ದವಾಖಾನೆಗೆ ಮನುಷ್ಯರ ಕಾಯಿಲೆಯ ಜೊತೆ ಕೋಳಿಗಳ ಸುದ್ದಿಯೂ ಬರುತ್ತದೆ. "ಹಕೀಂ ಸಾಬ್, ನಾಲ್ಕು ಕೋಳಿ ತೂಕಡಿಸುತ್ತಿದ್ದವು. ಸತ್ತು ಹರಾಮ್ ಆಗುವ ಮೊದಲೇ ಬಿಸ್ಮಿಲ್ಲಾ ಹೇಳಿ ಕೊಯ್ಸಿಬಿಟ್ಟೆ" ಎಂದರು ಹೋದ ವರ್ಷ ಬಂದ ಒಬ್ಬ ಖಾಲಾ. ಅವರು ಬಂದಿದ್ದು ಕೋಳಿಗಾಗಿ ಅಲ್ಲ, ಒಂದು ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು ಎಂದು. ಎರಡಕ್ಕೂ ಸಂಬಂಧ ಇರಬಹುದೆಂದು ಅವರಿಗೆ ಹೊಳೆದಿರಲಿಲ್ಲ.

ಅವರು ಹೇಳಿದ ಲಕ್ಷಣಗಳೆಲ್ಲ ಕೊಕ್ಕರೆ ರೋಗದವು. ಹಸಿರು ಬಿಳಿ ಭೇದಿ, ಬಾಯಿ ತೆರೆದು ಉಸಿರಾಟ, ರೆಕ್ಕೆ ಜೋಲುವುದು, ಕತ್ತು ತಿರುಚಿಕೊಳ್ಳುವುದು. ಪಶುವೈದ್ಯರು ಇದನ್ನು ರಾಣಿಖೇತ್ ಎನ್ನುತ್ತಾರೆ. ಇದು ವೈರಸ್ ರೋಗ. ಲಸಿಕೆ ಹಾಕಿಸದ ಹಿತ್ತಲಲ್ಲಿ ಒಂದು ವಾರದೊಳಗೆ ಗೂಡೇ ಖಾಲಿಯಾಗಬಹುದು. ರೋಗದ ಕೋಳಿಯನ್ನು ಹಿಡಿದ ಕೈಯಿಂದ ಕಣ್ಣು ಉಜ್ಜಿಕೊಂಡರೆ ಮನುಷ್ಯರಿಗೂ ಕಣ್ಣು ಕೆಂಪಾಗುತ್ತದೆ. ಸಾಮಾನ್ಯವಾಗಿ ಅದು ವಾರದಲ್ಲಿ ತಾನಾಗಿ ಇಳಿಯುತ್ತದೆ. ಖಾಲಾಗೂ ಇಳಿಯಿತು.

ನಾನು ಪಶುವೈದ್ಯನಲ್ಲ, ಯುನಾನಿ ವೈದ್ಯ. ಆದ್ದರಿಂದ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಈ ರೋಗಕ್ಕೆ ನನ್ನ ಬಳಿ ಮದ್ದಿಲ್ಲ, ಯಾರ ಬಳಿಯೂ ಇಲ್ಲ. ಬೆಳ್ಳುಳ್ಳಿ, ಅರಿಶಿನ, ಕಾಳುಮೆಣಸು ಅರೆದು ಬಾಯಿಗೆ ಹಾಕಿದ್ದು ನೋಡಿದ್ದೇನೆ. ಬದುಕಿದ ಕೋಳಿ ಬದುಕುವಂತಿದ್ದೇ ಬದುಕಿತು. ಇರುವ ದಾರಿ ಲಸಿಕೆ ಒಂದೇ. ಮರಿಗೆ ಒಂದು ವಾರವಾದಾಗ ಎಫ್ ಒನ್ ಅಥವಾ ಲಸೋಟ, ಕಣ್ಣಿಗೋ ಮೂಗಿಗೋ ಒಂದು ಹನಿ. ನಾಲ್ಕು ವಾರಕ್ಕೆ ಇನ್ನೊಮ್ಮೆ. ಎಂಟು ವಾರದ ಹೊತ್ತಿಗೆ ಆರ್ ಟು ಬಿ ಎಂಬ ಚುಚ್ಚುಮದ್ದು, ರೆಕ್ಕೆಯ ಅಡಿಯ ಚರ್ಮಕ್ಕೆ ಅರ್ಧ ಮಿಲಿ. ಆಗಲೇ ತೂಕಡಿಸುತ್ತಿರುವ ಕೋಳಿಗೆ ಹಾಕಿಸಿ ಪ್ರಯೋಜನವಿಲ್ಲ, ಆರೋಗ್ಯವಾಗಿರುವಾಗಲೇ ಹಾಕಿಸಬೇಕು.

ಇಲ್ಲೊಂದು ತೊಡಕಿದೆ. ಲಸಿಕೆಯ ಒಂದು ಸೀಸೆಯಲ್ಲಿ ನೂರು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕೋಳಿಗಳಿಗಾಗುವಷ್ಟು ಮದ್ದಿರುತ್ತದೆ. ಕಲಸಿದ ಮೇಲೆ ಮಂಜುಗಡ್ಡೆಯ ಮೇಲಿಟ್ಟು ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿ ಇರುವ ಮನೆಗೆ ಯಾರು ಸೀಸೆ ಒಡೆಯುತ್ತಾರೆ? ಅದಕ್ಕೇ ಬೀದಿಯ ಮನೆಗಳೆಲ್ಲ ಸೇರಿ ಒಂದು ಸಂಜೆ ಗೊತ್ತು ಮಾಡಿಕೊಳ್ಳಿ. ಮಸೀದಿಯಲ್ಲಿ ಜುಮಾ ಮುಗಿದ ಮೇಲೆ ಹೇಳಿದರೆ ಸುದ್ದಿ ಎಲ್ಲರಿಗೂ ಮುಟ್ಟುತ್ತದೆ. ಪಕ್ಕದ ಗೌಡರ ಮನೆಯ ಕೋಳಿಗಳನ್ನೂ ಸೇರಿಸಿಕೊಳ್ಳಿ, ರೋಗ ಬೇಲಿ ನೋಡಿ ನಿಲ್ಲುವುದಿಲ್ಲ. ಮಾಘದ ಜಾತ್ರೆ ಮುಗಿದ ಬೆನ್ನಿಗೆ, ಬಿಸಿಲು ಏರುವ ಮುಂಚೆ ಹಾಕಿಸಿಬಿಟ್ಟರೆ ಒಳ್ಳೆಯದು.

ಈಗ ಚಾಕುವಿನ ವಿಷಯ. ಜೀವವಿದ್ದಾಗ ಝಬಹ್ ಮಾಡಿದ್ದು ಹಲಾಲೋ ಅಲ್ಲವೋ ಎಂಬುದನ್ನು ಆಲಿಮರನ್ನು ಕೇಳಿ. ಆದರೆ ಕುರ್‌ಆನ್ ಹಲಾಲ್ ಎಂಬುದರ ಜೊತೆಗೆ ತಯ್ಯಿಬ್ ಎಂಬ ಮಾತನ್ನೂ ಇಟ್ಟಿದೆ. ತೂಕಡಿಸುವ ಕೋಳಿಗೆ ಯಾವ ರೋಗ ಎಂದು ಕಣ್ಣಿನಿಂದ ಹೇಳಲಾಗದು. ಕೊಕ್ಕರೆ ರೋಗ ಮತ್ತು ಹಕ್ಕಿಜ್ವರ ಹೊರನೋಟಕ್ಕೆ ಒಂದೇ ತರಹ. 2012ರಲ್ಲಿ ಹೆಸರಘಟ್ಟದಲ್ಲಿ, 2020ರ ಮಾರ್ಚ್‌ನಲ್ಲಿ ನಮ್ಮ ಮೈಸೂರಿನ ಕುಂಬಾರಕೊಪ್ಪಲಿನಲ್ಲೇ ಹಕ್ಕಿಜ್ವರ ಪತ್ತೆಯಾಗಿತ್ತು. ಚೆನ್ನಾಗಿ ಬೆಂದ ಮಾಂಸಕ್ಕಿಂತ ಕೊಯ್ಯುವಾಗ, ಪುಕ್ಕ ಕೀಳುವಾಗ, ಕರುಳು ತೆಗೆಯುವಾಗಲೇ ಅಪಾಯ ಹೆಚ್ಚು. ಆ ಕೆಲಸ ಮಾಡುವವರು ಮನೆಯ ಹೆಂಗಸರು, ಪಕ್ಕದಲ್ಲಿ ಕುಳಿತಿರುವುದು ಮಕ್ಕಳು. ತಿಪ್ಪೆಗೆ ಎಸೆದ ಪುಕ್ಕ ಕರುಳಿನಿಂದ ನೆರೆಮನೆಯ ಕೋಳಿಗೂ ರೋಗ ಹತ್ತುತ್ತದೆ. ನಾಲ್ಕು ಕೋಳಿಯ ಸಾರಿಗೆ ಇಷ್ಟು ಬೆಲೆ ಬೇಡ.

ಮದ್ದು ಕುಡಿಸಿದ ಕೋಳಿಯದೂ ಇದೇ ಮಾತು. ಮನೆಯಲ್ಲಿ ಉಳಿದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಬಿಚ್ಚಿ ನೀರಿಗೆ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಹೊಲಸು ತಿನ್ನುವ ಕೋಳಿಯನ್ನು ಮೂರು ದಿನ ಕಟ್ಟಿಹಾಕಿ ಶುದ್ಧ ಮೇವು ಕೊಟ್ಟ ಮೇಲೆ ಕೊಯ್ಯುವ ಪದ್ಧತಿ ನಮ್ಮ ಹಿರಿಯರಲ್ಲಿತ್ತು. ಆ್ಯಂಟಿಬಯಾಟಿಕ್ ಕೊಟ್ಟ ಕೋಳಿಗೆ ಮೂರು ದಿನ ಸಾಲದಿರಬಹುದು. ಎಷ್ಟು ದಿನ ಮಾಂಸ, ಮೊಟ್ಟೆ ಬಿಡಬೇಕೆಂದು ಮದ್ದು ಕೊಟ್ಟ ಪಶುವೈದ್ಯರನ್ನೇ ಕೇಳಿ.

ಉಳಿದ ರೋಗಗಳು ಇಷ್ಟು ಕ್ರೂರವಲ್ಲ. ಮೂರರಿಂದ ಆರು ವಾರದ ಮರಿ ರಕ್ತಭೇದಿ ಮಾಡಿದರೆ ಗೂಡಿನ ನೆಲ ಒದ್ದೆಯಾಗಿದೆ ಎಂದರ್ಥ. ಇದಕ್ಕೆ ಆಸ್ಪತ್ರೆಯಲ್ಲಿ ಒಳ್ಳೆಯ ಮದ್ದಿದೆ. ಜೊತೆಗೆ ಹಳೆಯ ಹೊಟ್ಟು ಗುಡಿಸಿ ಸುಣ್ಣ ಎರಚಿ ಒಣ ಹೊಟ್ಟು ಹಾಸಬೇಕು. ಜುಟ್ಟು, ಕಣ್ಣಿನ ಸುತ್ತ ಗಂಟು ಎದ್ದರೆ ಸಿಡುಬು. ಸೊಳ್ಳೆ ಹರಡುತ್ತದೆ, ಮೂರ್ನಾಲ್ಕು ವಾರದಲ್ಲಿ ಒಣಗುತ್ತದೆ. ಇಲ್ಲಿ ಮಾತ್ರ ಬೇವಿನೆಣ್ಣೆಗೆ ಅರಿಶಿನ ಕಲಸಿ ಹಚ್ಚುವುದಕ್ಕೆ ನನ್ನ ಅಡ್ಡಿಯಿಲ್ಲ. ಬಾಯೊಳಗೆ ಹಳದಿ ಪೊರೆ ಕಟ್ಟಿದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ. ಕೋಳಿ ರಾತ್ರಿ ಗೂಡಿಗೆ ಹೋಗಲು ಹಟ ಮಾಡಿ, ಜುಟ್ಟು ಬಿಳಚಿಕೊಂಡಿದ್ದರೆ ಗೂಡಿನ ಬಿದಿರಿನ ಸಂದುಗಳನ್ನು ಟಾರ್ಚ್ ಹಾಕಿ ನೋಡಿ. ಉಣ್ಣಿ ಹಗಲು ಅಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರುತ್ತದೆ. ಕುದಿಯುವ ನೀರು ಸುರಿದು ಬಿಸಿಲಿಗಿಡಿ. ಕೋಳಿ ಹೊರಳಾಡಲು ಒಲೆಯ ಬೂದಿ, ಒಣಮಣ್ಣು ಇರಲಿ.

ಕಾವಲಿಗೆಂದು ಹೆಬ್ಬಾತು ಸಾಕಿದವರು ನಮ್ಮ ಕಡೆ ಕೆಲವರಿದ್ದಾರೆ. ಅದು ಗಟ್ಟಿ ಜೀವ. ಆದರೆ ಕೊಕ್ಕರೆ ರೋಗದ ವೈರಸನ್ನು ತಾನು ನರಳದೆ ಹೊತ್ತು ತಿರುಗಬಲ್ಲದು, ಹಾಗಾಗಿ ಕೋಳಿಯ ನೀರಿನ ಪಾತ್ರೆ ಬೇರೆ, ಇದರದ್ದು ಬೇರೆ ಇರಲಿ. ತಲೆ ಪೂರ್ತಿ ಮುಳುಗುವಷ್ಟು ಆಳದ ನೀರು ಬೇಕು, ಇಲ್ಲದಿದ್ದರೆ ಕಣ್ಣು ಮೂಗು ಕಟ್ಟುತ್ತದೆ. ಬರೀ ಕೋಳಿ ಆಹಾರ ತಿಂದ ಮರಿಗಳ ಕಾಲು ಸೊಟ್ಟಗಾಗುವುದು ನಯಾಸಿನ್ ಎಂಬ ಜೀವಸತ್ವದ ಕೊರತೆಯಿಂದ. ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿಯಂತೂ ಬಾತಿನ ಮರಿಗೆ ವಿಷವೇ, ಯಕೃತ್ತು ಕೆಡುತ್ತದೆ. ಚಳಿಗಾಲದಲ್ಲಿ ಮಂಗೋಲಿಯಾ ಕಡೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಇಳಿಯುತ್ತವೆ. ನೋಡಲು ಚೆಂದ, ಹೋಗಿ ನೋಡಿ. ಮನೆಯ ಬಾತುಗಳನ್ನು ಮಾತ್ರ ಆ ದಿನಗಳಲ್ಲಿ ಅಂಥ ಕೆರೆಗೆ ಬಿಡಬೇಡಿ.

ಕೋಳಿ, ಬಾತುಗಳ ಹಿಕ್ಕೆ ನಮ್ಮ ಹನಫಿ ಫಿಕ್ಹ್‌ನಲ್ಲಿ ಗಾಢ ನಜಾಸತ್. ನಮಾಜಿನ ಬಟ್ಟೆಗೆ ತೋರುವ ಎಚ್ಚರವನ್ನು ಅಡುಗೆಮನೆಗೂ ತೋರಿಸೋಣ: ಗೂಡಿಗೆ ಬೇರೆ ಚಪ್ಪಲಿ, ಮೊಟ್ಟೆ ಹೆಕ್ಕಿದ ಕೈಗೆ ಸಾಬೂನು. ಮೊಟ್ಟೆಯನ್ನು ತೊಳೆದು ಇಡಬೇಡಿ, ಸಿಪ್ಪೆಯ ರಂಧ್ರದಿಂದ ಕೊಳೆ ಒಳಗಿಳಿಯುತ್ತದೆ. ಒಡೆಯುವ ಮುಂಚೆ ತೊಳೆಯಿರಿ. ನಿತ್ರಾಣ ಇರುವವರಿಗೆ ಅರೆಬೆಂದ ಮೊಟ್ಟೆ, ನಮ್ಮ ಕಿತಾಬುಗಳ ನೀಮ್‌ಬಿರಿಷ್ತ್, ಹೇಳುವುದು ಯುನಾನಿಯ ಹಳೆಯ ರೂಢಿ. ಸಾಲ್ಮೊನೆಲ್ಲಾದ ಭಯದಿಂದ ಗರ್ಭಿಣಿಯರಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ನಾನು ಅದನ್ನು ಹೇಳುವುದು ಬಿಟ್ಟಿದ್ದೇನೆ. ಪೂರ್ತಿ ಬೇಯಿಸಿಯೇ ಕೊಡಿ.

ಸತ್ತ ಕೋಳಿಯನ್ನು ನಾಲೆಗೋ ಹೊಳೆಗೋ ಎಸೆಯಬೇಡಿ, ಕೆಳಗಿನ ಊರಿನವರು ಅದೇ ನೀರು ಬಳಸುತ್ತಾರೆ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಮೂರಡಿ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಿ. ಒಂದೇ ಸಲ ಹಲವು ಸತ್ತರೆ ಹೂಳುವ ಮೊದಲೇ 1962ಕ್ಕೆ ಕರೆ ಮಾಡಿ ಪಶುವೈದ್ಯರಿಗೆ ತಿಳಿಸಿ, ಪರೀಕ್ಷೆಗೆ ಅವರಿಗೆ ಒಂದು ಬೇಕಾಗುತ್ತದೆ.